ಕೇಸರಿಬಾತಿಗಾಗಿ ಸ್ತೋತ್ರ

ನಮ್ಮ ಮನೆತನದಲ್ಲಿ ಯಾರೂ ನಾಯಕರಾದವರಲ್ಲ. ಅಪ್ಪ ಬ್ಯಾಡಗಿಯ ನಮ್ಮ ಚರ್ಚಿನಲ್ಲಿ ಗಂಟೆ ಹೊಡೆಯುತ್ತಿದ್ದ. ನಾನು, ಪ್ರಭಾಕರ, ದಿನಾ ಬಸ್ಸು ಹತ್ತಿ ಹೋಗಿ ರಾಣೇಬೆನ್ನೂರಿನ ಅಂಗಡಿಯೊಂದರಲ್ಲಿ ಹತ್ತಿ, ಗೋವಿನಜೋಳದ ಬೀಜ ಮಾರುತ್ತೇನೆ. ಓಣಿಯ ವಿಶ್ವಾಸಿಗಳು ಗುರುವಾರಕ್ಕೊಮ್ಮೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಕೂಡಬೇಕು, ಆ ಕೂಟವನ್ನು ನಾನು ನಡೆಸಬೇಕು ಎಂದು ಪಾಸ್ಟರು ಹೇಳಿದಾಗ ಹೆದರಿದೆ.

"ಬೀಜ ಮಾರಾಂವಗ ಬಿತ್ತಾಕ ಬರಂಗಿಲ್ಲೇನು?" ಎಂದರು ಅವರು. ನಾನು ಕುಂಡದಲ್ಲಿ ಕೊತ್ತಂಬರಿಯನ್ನೂ ಬೆಳೆದವನಲ್ಲ ಎಂಬುದನ್ನು ಹೇಳಲಿಲ್ಲ. ಹೊಗಳಿಕೆ ಯಾರಿಗೆ ಬೇಡ?

ಮೊದಲ ಕೂಟ ನಮ್ಮ ಮನೆಯಲ್ಲಿ, ಚಹಾ, ಬಿಸ್ಕೀಟು. ನನಗೊಂದು ಚಟವಿತ್ತು. ಕೊನೆಯ ಪ್ರಾರ್ಥನೆಯಲ್ಲಿ ಅರ್ಧ ಕಣ್ಣು ತೆರೆದು, ಮುಂದಿಟ್ಟ ತಾಟು ನೋಡಿ, ಮನೆಯವರ ಹೆಸರು ಹಿಡಿದು ಅದರಲ್ಲಿದ್ದುದಕ್ಕೆಲ್ಲ ದೇವರಿಗೆ ಕೃತಜ್ಞತೆಯ ಸ್ತೋತ್ರ ಹೇಳುತ್ತಿದ್ದೆ. ಮುಂದಿನ ವಾರ ಮಂಡಕ್ಕಿ, ಮಿರ್ಚಿ ಬಂತು. ಅದರ ಮುಂದಿನ ವಾರ ಸಾಮುವೇಲ ಮಾಸ್ತರರ ಮನೆಯಲ್ಲಿ ಕೇಸರಿಬಾತು. ಗೋಡಂಬಿಗೂ ಬೇರೆಯಾಗಿ ಸ್ತೋತ್ರ ಹೇಳಿದೆ. ಆ ದಿನದ ಪಾಠವಾದರೂ ಯಾವುದು? ಅಡುಗೆಯ ಗಡಿಬಿಡಿಯಲ್ಲಿ ಯೇಸುವಿನ ಮಾತು ಕೇಳಲು ಕೂರದೆ ಹೋದ ಮಾರ್ಥಳದು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ನನ್ನದು ಕೇಸರಿಬಾತು. ಎರಡು ಸಲ ಹಾಕಿಸಿಕೊಂಡೆ. ಮುಂದಿನ ಮನೆಯವರು ಹೋಳಿಗೆಯನ್ನೇ ಮಾಡಿದರು. ಜನ ಹೆಚ್ಚಿದರು. ನಾನು ಅದನ್ನು ನನ್ನ ಬೋಧನೆಯ ಬಲ ಎಂದುಕೊಂಡೆ.

ಆಮೇಲೆ ಮುದುಕವ್ವನ ಸರದಿ ಬರುವುದಿತ್ತು. ಗಂಡ ತೀರಿಕೊಂಡ ಮೇಲೆ ಅವಳದು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ. ಕೂಟದಲ್ಲಿ ಬಾಗಿಲ ಬಳಿ ಕೂರುತ್ತಿದ್ದಳು. ನನ್ನ ಪಾಠವನ್ನು ಖರೇ ಕೇಳುತ್ತಿದ್ದವಳು ಬಹುಶಃ ಅವಳೊಬ್ಬಳೇ. ಅಂಥವಳು ಸರದಿ ಹತ್ತಿರವಾದಂತೆ ಕೂಟಕ್ಕೆ ಬರುವುದನ್ನು ಬಿಟ್ಟಳು, ರವಿವಾರ ಚರ್ಚಿನಲ್ಲೂ ಕಾಣಲಿಲ್ಲ. ಅವಳ ವಿಶ್ವಾಸ ತಣ್ಣಗಾಗಿದೆ, ಅದಕ್ಕಾಗಿ ಉಪವಾಸ ಪ್ರಾರ್ಥನೆ ಮಾಡುತ್ತೇನೆ ಎಂದು ಹೆಂಡತಿ ಸುರೇಖಾಳಿಗೆ ಹೇಳಿದೆ.

"ಉಪಾಸ ಮಾಡ್ರಿ, ನಿಮಗ ಅದ ಛಲೋ," ಎಂದಳು. "ಎಲ್ಲಾರ ಮನಿ ತಾಟಿನ್ಯಾಗ ಏನೈತಿ ಅಂತ ದೇವರಿಗೆ ಕೂಗಿ ಹೇಳತೀರಿ. ಆಕಿ ತಾಟಿನ್ಯಾಗ ಏನ ಇಡಬೇಕು?"

ನಾಚಿಕೆಯಿಂದ ಆ ದಿನ ಊಟ ಸೇರಲಿಲ್ಲ. ಉಪವಾಸ ತಾನಾಗಿಯೇ ಆಯಿತು.

ಮರುದಿನ ಇಬ್ಬರೂ ಅವಳ ಮನೆಗೆ ಹೋದೆವು. ಅಂಗಳದ ತುಂಬ ಕೆಂಪು ರಾಶಿ. "ಈ ವಾರ ಬ್ಯಾಡ್ರಿ ಅಣ್ಣಾರ, ಕೆಲಸ ಭಾಳ ಐತಿ," ಎಂದಳು, ನನ್ನ ಮುಖ ನೋಡದೆ.

"ಕೆಲಸಾನ ಮಾಡೂಣು ಬಿಡವ್ವಾ. ಗುರುವಾರ ಎಲ್ಲಾರೂ ತೊಟ್ಟು ಬಿಡಸಾಕ ಬರ್ತೇವಿ. ತಿನ್ನಾಕ ಏನೂ ಮಾಡಬ್ಯಾಡ," ಎಂದೆ.

"ನೀವು ಸೀನತೀರಿ," ಎಂದಳು. ಬೇಡ ಎನ್ನಲಿಲ್ಲ.

ಗುರುವಾರ ಎಲ್ಲರೂ ರಾಶಿಯ ಸುತ್ತ ಕೂತು ಹಾಡುತ್ತ ತೊಟ್ಟು ಬಿಡಿಸಿದರು. ನಾನು ಪಾಠ ಹೇಳಿದ್ದಕ್ಕಿಂತ ಸೀನಿದ್ದೇ ಹೆಚ್ಚು. ಕೊನೆಗೆ "ಕರ್ತನೇ" ಎಂದು ಪ್ರಾರ್ಥನೆ ಶುರು ಮಾಡಿ, ಅದೇ ಕೈಯಿಂದ ಮುಖದ ಬೆವರು ಒರೆಸಿಕೊಂಡೆ. ಕಣ್ಣಿಗೆ ಬೆಂಕಿ ಬಿತ್ತು. ಧಾರಾಕಾರ ನೀರು. ಪ್ರಾರ್ಥನೆ ಅಲ್ಲಿಗೇ ನಿಂತಿತು. ನನಗೆ ಪವಿತ್ರಾತ್ಮನ ಪ್ರೇರಣೆಯಾಗಿದೆ ಎಂದು ತಿಳಿದ ಮಾಸ್ತರರು "ಹಲ್ಲೆಲೂಯ" ಎಂದರು. ನಾನು "ನೀರು" ಎಂದೆ.

ಮುದುಕವ್ವ ತಂಬಿಗೆ ತಂದಳು. "ತಿಕ್ಕಬ್ಯಾಡ್ರಿ, ಸುಮ್ಮನ ಕಣ್ಣು ಬಿಡ್ರಿ," ಎನ್ನುತ್ತ ತಾನೇ ನೀರು ಹಾಕಿದಳು. ಉರಿ ತುಸು ಇಳಿಯಿತು. ಮಂದಿ ಏಳತೊಡಗಿದರು.

"ಕುಂದರ್ರಿ," ಎಂದಳು ಮುದುಕವ್ವ ಅವರಿಗೆ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಅಣ್ಣಾರ, ಪ್ರಾರ್ಥನಾ ಮುಗಸ್ರಿ. ನನ್ನ ಮನಿ ಹೆಸರ ಇನ್ನಾ ಹೇಳಿಲ್ಲ."

ಎರಡೂ ಕಣ್ಣು ಮುಚ್ಚಿಕೊಂಡೆ. "ಕರ್ತನೇ, ಮುದುಕವ್ವನ ಮನೆಯ ನೀರಿಗಾಗಿ ಸ್ತೋತ್ರ," ಎಂದೆ.

ಎಲ್ಲರಿಗಿಂತ ಮೊದಲು ಅವಳೇ ಆಮೆನ್ ಅಂದಳು. ಅಷ್ಟು ಗಟ್ಟಿಯಾದ ಆಮೆನ್ ಕೇಸರಿಬಾತಿಗೂ ಬಂದಿರಲಿಲ್ಲ.