ಗಾಜಿನ ಮೇಲೆ ಉಳಿದ ಮಾರಿ

ಮೊನ್ನೆ ಪಾಸ್‌ಪೋರ್ಟ್ ಅಳತೆಯ ಫೋಟೊ ತೆಗೆಸಲು ಹೋದ ಅಂಗಡಿಯಲ್ಲಿ ಕತ್ತಲೆ ಕೋಣೆಯ ಪರದೆ ಸರಿದು ಫೋಟೊ ತೊಳೆಯುವ ಹೈಪೋದ ಹುಳಿ ವಾಸನೆ ಮೂಗಿಗೆ ಬಡಿಯಿತು. "ಮಾರಿ ಸ್ವಲ್ಪ ಸಡಿಲ ಬಿಡ್ರಿ ಅಕ್ಕಾರ" ಎಂದ ಫೋಟೊದವ. ನನ್ನ ಮುಖ ಸಡಿಲವಾಗಿದ್ದ ಕಾಲ ನನಗೇ ನೆನಪಿಲ್ಲ.

ಆ ವಾಸನೆ ನಮ್ಮ ಮನೆಯದು. ಬೀದರಿನ ಹಳೆಯ ಓಣಿಯಲ್ಲಿ, ನಿಜಾಮರ ರಾಜ್ಯದ ಕೊನೆಯ ದಿನಗಳಲ್ಲಿ, ಕಾಕಾನ ಸ್ಟುಡಿಯೊ ನಮ್ಮ ಪಡಸಾಲೆಯಲ್ಲೇ ಇತ್ತು. ಜಿಲ್ಲೆ ಒಂದೇ ಆದರೂ ಊರಿಗೊಂದು ಕ್ಯಾಮೆರಾ ಒಗ್ಗಿತ್ತು. ಕಾಕಾ ಮೂರು ಊರಿನ ಮೂರು ಬಗೆಯನ್ನೂ ಇಟ್ಟುಕೊಂಡಿದ್ದ. ಬೀದರಿನ ದೊಡ್ಡವರು ಶೇರ್ವಾನಿಯ ಗುಂಡಿ ಹಾಕಿಕೊಂಡು, ಮುಕ್ಕಾಲಿಯ ಮೇಲಿನ, ಗಾಜಿನ ಫಲಕದ ಮೇಲೆ ಚಿತ್ರ ಹಿಡಿಯುವ ದೊಡ್ಡ ಕ್ಯಾಮೆರಾ ಎದುರು ಉಸಿರು ಹಿಡಿದು ಕೂರುವರು. ಭಾಲ್ಕಿಯ ವ್ಯಾಪಾರಿಗಳಿಗೆ ಅಷ್ಟು ಪುರಸೊತ್ತೆಲ್ಲಿ? ಅಂಗಡಿ ಕಟ್ಟೆಯ ಮೇಲೆ ನಿಂತಲ್ಲೇ ಚಕ್ಕನೆ ತೆಗೆಯುವ ಬಾಕ್ಸ್ ಕ್ಯಾಮೆರಾ ಸಾಕು. ಔರಾದದ ಸಂತೆಗೆ ಮಾತ್ರ, ಒಳಗೇ ಕಾಗದ ತೊಳೆದು ಒದ್ದೆ ಫೋಟೊ ಕೈಗಿಡುವ ಕಟ್ಟಿಗೆಯ ಪೆಟ್ಟಿಗೆ. ಅಲ್ಲಿಯ ಜನ ಫೋಟೊದ ಜೊತೆ ಅದರ ಉಲ್ಟಾ ಚಿತ್ರವನ್ನೂ, ಅಂದರೆ ನೆಗೆಟಿವ್ ಕಾಗದವನ್ನೂ, ಇಸಿದುಕೊಂಡೇ ಹೋಗುತ್ತಿದ್ದರು. "ನಮ್ಮ ಮಾರಿ ನಿಮ್ಮ ಮನ್ಯಾಗ ಯಾಕಿರಬೇಕ್ರಿ?" ಬೀದರಿನವರ ಮಾರಿಗಳೋ, ಗಾಜಿನ ಫಲಕಗಳಾಗಿ ನಮ್ಮ ಅಟ್ಟದಲ್ಲೇ ಸಾಲಾಗಿ ನಿಂತಿದ್ದವು. ಒಮ್ಮೆ ಒಬ್ಬ ವಕೀಲರ ಗಾಜನ್ನು ನಾನು ಬೀಳಿಸಿ, ಅದು ಚಿತ್ರದ ಮೊಣಕಾಲಿನ ಹತ್ತಿರ ಬಿರುಕು ಬಿಟ್ಟಿತು. ಅವರು ಕುಂಟುತ್ತಾರೇನೋ ಎಂದು ಎಂಟು ದಿನ ಕಚೇರಿಯವರೆಗೂ ಅವರ ಹಿಂದೆ ನಡೆದಿದ್ದೆ.

ನಿಜಾಮರ ರಾಜ್ಯ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ, ಔರಾದ ಕಡೆಯ ಡಾಬಕಾದಿಂದ ಒಬ್ಬ ಹೆಣ್ಣುಮಗಳು ಕೂಸನ್ನೆತ್ತಿಕೊಂಡು ಬಂದಳು. ಗದ್ದಲದಲ್ಲಿ ಗಂಡ ಸತ್ತಿದ್ದ, ಮನೆ ಸುಟ್ಟಿತ್ತು. ಕೂಸು ಹುಟ್ಟಿದ್ದು ಆಮೇಲೆ.

"ಔರಾದ ಸಂತ್ಯಾಗ ನೀವೇ ಅವರ ಫೋಟೊ ತೆಗ್ದಿದ್ರಿ ಅಣ್ಣಾ. ಒಂದಾರ ಉಳಿದಿರಬೇಕು, ನೋಡ್ರಿ. ಈ ಕೂಸಿಗಿ ಅಪ್ಪನ ಮಾರಿ ತೋರಸ್ಬೇಕು."

"ಉಲ್ಟಾದೂ ನೀವೇ ಒಯ್ದಿದ್ರಲ್ಲ ತಂಗಿ?"

"ಹೌದ್ರಿ. ನಾನೇ ಹಟ ಮಾಡಿ ಇಸ್ಕೊಂಡಿದ್ದೆ. ಎರಡೂ ಒಂದೇ ಪೆಟ್ಟಿಗ್ಯಾಗ ಇಟ್ಟಿದ್ದೆ."

ಇಲ್ಲವೆಂದು ಗೊತ್ತಿದ್ದೂ ಕಾಕಾ ಅಟ್ಟದ ಗಾಜುಗಳನ್ನೆಲ್ಲ ಇಳಿಸಿ ಒಂದೊಂದನ್ನೇ ಬೆಳಕಿಗೆ ಹಿಡಿದ. ಮಧ್ಯಾಹ್ನ ಸರಿದರೂ ಹಿಡಿಯುತ್ತಲೇ ಇದ್ದ. ಕೊನೆಗೆ ಅವಳೇ ಎದ್ದು, ಕೂಸಿನ ಮೂಗು ಒರೆಸಿ, ದೊಡ್ಡ ಕ್ಯಾಮೆರಾದ ಎದುರಿನ ಕುರ್ಚಿಯಲ್ಲಿ ಕೂರಿಸಿದಳು.

"ಹಣಿ, ಮೂಗು ಎಲ್ಲಾ ಅವರದೇ ಅದಾವ. ಇದನ್ನಾರ ತೆಗೀರಿ. ಕಾಗದ ನನಗ ಕೊಡ್ರಿ, ಗಾಜು ನಿಮ್ಮ ಮನ್ಯಾಗೇ ಇರ್ಲಿ."

ಮುಂದೆ ಕಾಕಾ ತೀರಿಹೋದ. ಮನೆ ಕೈಬಿಟ್ಟಿತು. ದೊಡ್ಡವರ ಗಾಜುಗಳನ್ನೆಲ್ಲ ಉಜ್ಜಿ ತೊಳೆದು ಯಾರೋ ಕಿಟಕಿಗೆ ಹಾಕಿಕೊಂಡರು. ಆ ಒಂದು ಗಾಜು ಮಾತ್ರ ನನ್ನ ಟ್ರಂಕಿನಲ್ಲಿ, ಹಳೆ ಸೀರೆಯ ಮಡಿಕೆಯೊಳಗಿದೆ. ಕೂಸು ಅಲುಗಾಡಿದ್ದರಿಂದ ಮಾರಿ ಕದಡಿದೆ. ಕುರ್ಚಿಯ ಹಿಂದೆ ಕುಳಿತು ಅದನ್ನು ಹಿಡಿದಿದ್ದ ತಾಯಿಯ ಕೈ ಮಾತ್ರ, ಬೆರಳು ಬೆರಳೂ ಸ್ಪಷ್ಟವಾಗಿ, ಚೂರೂ ಅಲುಗಿಲ್ಲ.