ಹೆಸರಿಲ್ಲದ ಹಸಿರು ದೀಪ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮಾವನ ರೇಡಿಯೊದಲ್ಲಿ ಸ್ಕ್ವೆಲ್ಚ್ ಎಂಬ ಗದ್ದಲತಡೆಯನ್ನು ಒಂದೊಂದೇ ಹಂತ ಇಳಿಸಿದೆನೋ, ಒಮ್ಮೆಗೇ ಸೊನ್ನೆಗೆ ತಂದೆನೋ ನೆನಪಿಲ್ಲ. ದಿನಚರಿಯಲ್ಲಿ ಆ ದಿನ ಬರೆದಿರುವುದು ‘ಹರಿಹರಕ್ಕೆ ಹೋಗಿ ಬಂದೆ’ ಎಂದಷ್ಟೇ.

ಮಾವ ನನ್ನ ಅಮ್ಮನ ತಮ್ಮ, ಇರುವುದು ಹರಿಹರದಲ್ಲಿ. ಹಳೆಯ ಹ್ಯಾಮ್, ಅಂದರೆ ಪರವಾನಗಿ ಪಡೆದು ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವವರು. ನಾನು ಎಂ.ಎ. ಓದುವಾಗ ನನ್ನನ್ನೂ ಆ ಪರೀಕ್ಷೆಗೆ ಕೂರಿಸಿದವರು. ಸಣ್ಣ ಸೆಟ್‌ಗಳ ಮಾತನ್ನು ಹಿಡಿದು ದೂರಕ್ಕೆ ಕಳಿಸುವ ರಿಪೀಟರ್ ಒಂದು ದಾವಣಗೆರೆಯಲ್ಲಿದೆ. ಭಾನುವಾರ ಬೆಳಿಗ್ಗೆ ಅದರ ಮೂಲಕ ಸುತ್ತಲಿನ ಹ್ಯಾಮ್‌ಗಳೆಲ್ಲ ಕಲೆಯುತ್ತೇವೆ. ಅದನ್ನು ನೆಟ್ ಎನ್ನುತ್ತೇವೆ. ನಡೆಸುವವರು ಮಾವ. ಒಬ್ಬೊಬ್ಬರನ್ನೇ ಕರೆಯುವುದು, ಮಾತು ಮುಗಿದ ಮೇಲೆ ‘ಫೈವ್ ನೈನ್’ ಅನ್ನುವುದು, ಅಂದರೆ ನಿಮ್ಮ ದನಿ ಜೋರಾಗಿ ಸ್ಪಷ್ಟವಾಗಿ ಬಂತು ಎಂದು, ಆಮೇಲೆ ಮುಂದಿನವರು.

ಈಚೆಗೆ ಮಾವ ಡಿಜಿಟಲ್ ಸೆಟ್ ಕೊಂಡಿದ್ದರು. ದನಿ ಚೆನ್ನಾಗಿ ಬರುತ್ತದೆಂದು ಕೊಂಡರು ಅಂದುಕೊಂಡಿದ್ದೆ. ಡಿಜಿಟಲ್‌ನಲ್ಲಿ ಮಾತಾಡುವವರ ಹೆಸರು ಪರದೆಯ ಮೇಲೆ ಮೂಡುತ್ತದೆ. ಭಾನುವಳ್ಳಿಯ ಅವರ ಗೆಳೆಯರೊಬ್ಬರದು ಮಾತ್ರ ಇನ್ನೂ ಹಳೆಯ ಕಾಲದ ಸೆಟ್. ಅವರು ಬಂದರೆ ಹೆಸರು ಮೂಡುವುದಿಲ್ಲ, ಹಸಿರು ದೀಪವೊಂದೇ ಉರಿಯುತ್ತದೆ. ಹೆಸರಿಲ್ಲದ ದೀಪವೆಂದರೆ ಅವರೇ.

ಒಂದು ಭಾನುವಾರ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ನನ್ನ ಮನೆಯಲ್ಲಿ ಕೂತು ನೆಟ್ ಕೇಳುತ್ತಿದ್ದೆ. ಭಾನುವಳ್ಳಿಯವರು ತಮ್ಮ ಸರದಿಯಲ್ಲಿ ಹೆಂಡತಿಯ ರಿಪೋರ್ಟ್ ಬಂದಿದೆ, ಕ್ಯಾನ್ಸರ್ ಅಂತೆ, ದಾವಣಗೆರೆಗೆ ಸೇರಿಸಬೇಕು ಎಂದರು. ಅವರ ದನಿ ನಡುವೆ ನಿಂತುಹೋಯಿತು. ಮಾವನ ಸೆಟ್‌ನಲ್ಲಿ ದೀಪ ಆರಿರಬೇಕು, ಅವರು ಮಾತು ತೆಗೆದುಕೊಂಡರು.

“ಫೈವ್ ನೈನ್, ಭಾಳ ಸಂತೋಷ. ಮುಂದಿನವರು ಬರ್ರಿ.”

ಆಮೇಲೆ ಯಾರೋ ತಮ್ಮ ಆಂಟೆನಾದ ವಿಷಯ ಎತ್ತಿದರು. ನೆಟ್ ಮುಗಿದ ಮೇಲೆ ನಿಟ್ಟುವಳ್ಳಿಯ ಹ್ಯಾಮ್ ಒಬ್ಬರು ನನಗೆ ಫೋನ್ ಮಾಡಿದರು. “ಏನ್ರಿ, ನಿಮ್ಮ ಮಾವ ನಾಳೆ ನಾನು ಸತ್ರೂ ಫೈವ್ ನೈನ್ ಕೊಡ್ತಾರಾ?” ಎಂದು ನಕ್ಕರು. ನಗು ಪೂರ್ತಿ ಬರಲಿಲ್ಲ. ಮಾವನಿಗೆ ಸಿಗ್ನಲ್ ಸರಿಯಾಗಿ ಸಿಕ್ಕಿರಲಿಕ್ಕಿಲ್ಲ ಎಂದು ವಾದಿಸಿದೆ. ಹಾಗೆಂದು ಆಗ ನಿಜಕ್ಕೂ ನಂಬಿದ್ದೆನೇ? ಹೇಳಲಾರೆ.

ಭಾನುವಳ್ಳಿಯವರು ಮತ್ತೆ ನೆಟ್‌ಗೆ ಬರಲಿಲ್ಲ. ಕೆಲವು ವಾರಗಳ ನಂತರ ಹರಿಹರದಿಂದ ಫೋನ್ ಬಂತು. ಮಾತಾಡಿದ್ದು ಅತ್ತೆ, ಹಿಂದಿನಿಂದ ಹೇಳಿಕೊಡುತ್ತಿದ್ದದ್ದು ಮಾವ. ಗೆಳೆಯನ ಸಿಗ್ನಲ್ ಕಡಿಮೆಯಾಗಿದೆ, ಸ್ಕ್ವೆಲ್ಚ್ ಅದನ್ನು ತಡೆಯುತ್ತಿದೆ, ಬಂದು ಸಡಿಲ ಮಾಡಿಕೊಡಬೇಕಂತೆ. ಅವರಿಗೇ ಒಂದು ಫೋನ್ ಮಾಡಿ ಕೇಳಬಾರದೇ ಅಂದೆ. “ಇವರು ಫೋನ್ ಎಲ್ಲಿ ಮುಟ್ತಾರೆ ಈಗೀಗ,” ಎಂದರು ಅತ್ತೆ.

ಲ್ಯಾಪ್‌ಟಾಪು, ಕೇಬಲ್ಲು ತೆಗೆದುಕೊಂಡು ಹೋದೆ. ಸ್ಕ್ವೆಲ್ಚ್ ಎಂದರೆ ಬರಿಯ ಗದ್ದಲಕ್ಕೆ ಸ್ಪೀಕರಿನ ಬಾಯಿ ಮುಚ್ಚಿಟ್ಟು, ಮಾತು ಬಂದಾಗ ತೆರೆಯುವ ಬಾಗಿಲು. ಗೆಳೆಯರ ಮಾತನ್ನು ಹೊತ್ತು ತರುವ ರಿಪೀಟರ್‌ನ ಸಿಗ್ನಲ್ ಹರಿಹರಕ್ಕೆ ಎಷ್ಟು ಜೋರಾಗಿ ಬರುತ್ತದೆಂದರೆ ಆ ಬಾಗಿಲು ಎಷ್ಟು ಬಿಗಿಯಾಗಿದ್ದರೂ ಅದು ತಳ್ಳಿಕೊಂಡು ಒಳಗೆ ಬರುತ್ತದೆ. ಇದನ್ನು ನನಗೆ ಕಲಿಸಿದವರೇ ಮಾವ. ಹೇಳಿ ನೋಡಿದೆ. “ಸಣ್ಣ ಸೆಟ್ಟು ಅವನ್ದು ಅವ್ವಾ, ಇಳ್ಸು,” ಎಂದರು. ಇಳಿಸಿದೆ.

ಸೊನ್ನೆಗೆ ಬಂದದ್ದೇ ರೇಡಿಯೊ ಸುಯ್ಯೆಂದು ಶುರುಮಾಡಿತು. ಕೋಣೆಯೆಲ್ಲ ಆ ಸದ್ದು. ಅತ್ತೆ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. “ಮಿರ್ಚಿ ಕರೀತಿರೋದು ನಾನು. ಎಣ್ಣಿ ಕಾದ ಸಪ್ಳ ನಿಮ್ಮ ರೂಮ್ನಾಗೆ ಬರ್ತೈತಲ್ಲ.” ನಾನು ನಕ್ಕೆ. ಮಾವ ನಗಲಿಲ್ಲ. ಅವರು ದೀಪವನ್ನು ನೋಡುತ್ತಿದ್ದರು. ಸ್ಕ್ವೆಲ್ಚಿನ ಬಾಗಿಲು ತೆರೆದೇ ಇದ್ದುದರಿಂದ ದೀಪ ಹಸಿರಾಗಿ ಉರಿಯುತ್ತಲೇ ಇತ್ತು. ಪರದೆಯ ಮೇಲೆ ಹೆಸರಿರಲಿಲ್ಲ.

ಮಾವ ಮೈಕ್ ಎತ್ತಿಕೊಂಡರು. “ಬಂದ್ಯೇನೋ ಮಾರಾಯ. ಎಲ್ಲಿ ಹೋಗಿದ್ದೆ ಇಷ್ಟು ದಿನ?”

ಮೈಕಿನ ಗುಂಡಿ ಬಿಟ್ಟೊಡನೆ ಸುಯ್ಯೆನ್ನುವ ಸದ್ದು ಮತ್ತೆ ತುಂಬಿಕೊಂಡಿತು. ಮಾವ ಅದಕ್ಕೆ ತಲೆದೂಗುತ್ತ ಕೂತರು, ಮಾತು ಮುಗಿಯಲೆಂದು ಕಾಯುವವರ ಹಾಗೆ. ಅತ್ತೆ ನನ್ನನ್ನು ನೋಡಿದರು. ಮಾವನ ಕಿವಿಯ ವಿಷಯ ಅವರಿಗೆ ಮೊದಲೇ ಗೊತ್ತಿತ್ತೆಂದು ಈಗ ಅನ್ನಿಸುತ್ತದೆ, ಆಗ ಅನ್ನಿಸಿತ್ತೋ ಇಲ್ಲವೋ. ಅವರು ಬಾಣಲೆಯ ಕಡೆ ತಿರುಗಿದರು.

ಸ್ಕ್ವೆಲ್ಚನ್ನು ಮೊದಲಿನ ಮಟ್ಟಕ್ಕೆ ಏರಿಸಬೇಕಿತ್ತು. ಏರಿಸಿದರೆ ದೀಪ ಆರುತ್ತದೆ. ನಾನು ಕೈ ಎತ್ತದೆ ಕೂತಿದ್ದು ಒಂದು ನಿಮಿಷವೋ ಹೆಚ್ಚೋ. ಮಾವ ಮತ್ತೆ ಮೈಕ್ ಹತ್ತಿರ ತಂದು, ಫೈವ್ ನೈನ್ ಅಂದರು. ಮನೆಯಾಕೆ ಹೆಂಗಿದಾರೆ ಎಂದೂ ಕೇಳಿದರು. ಅವರು ಯಾವಾಗಲೂ ಕೇಳುವ ಮಾತೇ ಅದು. ಆಗ ನಾನು ಏರಿಸಿಬಿಟ್ಟೆ. ಕೋಣೆ ತಣ್ಣಗಾಯಿತು.

“ಹೋದ,” ಎಂದರು ಮಾವ. ಮೈಕನ್ನು ಕೊಕ್ಕೆಗೆ ಸಿಕ್ಕಿಸಿದರು. “ಬ್ಯಾಟರಿ ಮುಗಿದಿರಬೇಕು.”

ನಾನು ಅವರ ಬೆನ್ನ ಹಿಂದೆ ಕೇಬಲ್ ಸುತ್ತುತ್ತಿದ್ದೆ. ಜೋರಾಗಿ ಕೇಳಬೇಕೆಂದುಕೊಂಡಿದ್ದೆ. ದನಿ ಎಷ್ಟು ಹೊರಟಿತೋ ತಿಳಿಯದು. ಮಾವ ತಿರುಗಲಿಲ್ಲ, ಆರಿದ ದೀಪದ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು. ಆಮೇಲೆ ಎಷ್ಟೋ ಸಲ ಹರಿಹರಕ್ಕೆ ಹೋಗಿದ್ದೇನೆ, ಅವರ ಎದುರಿಗೇ ಕೂತು ಉಂಡಿದ್ದೇನೆ. ಅದಕ್ಕೆ ಉತ್ತರ ಬಂದಿಲ್ಲ, ಎರಡನೇ ಸಲ ನಾನೂ ಕೇಳಿಲ್ಲ. ಆ ದಿನ ನಾನು ಕೇಳಿದ್ದು ಇಷ್ಟೇ:

“ಮಾವ, ಆ ಭಾನುವಾರ ಅವ್ರು ಏನಂದ್ರು ಅಂತ ನಿಮಗೆ ಗೊತ್ತೈತಾ?”