ಆರನೆಯ ಬಾಗಿಲು

೨೦೦೯ರ ಫೆಬ್ರವರಿಯ ಒಂದು ಬೆಳಿಗ್ಗೆ ಒಂಬತ್ತಕ್ಕೆ ಆನ್ ಆರ್ಬರ್ ಬಿಟ್ಟೆವು. ಹೊರಗೆ ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್, ಡೆಟ್ರಾಯಿಟ್‌ಗೆ ನಲವತ್ತಮೂರು ಮೈಲಿ. ಹಿಮದಲ್ಲಿ ಡ್ರೈವ್ ಮಾಡಲು ನನಗೆ ಭಯ. ಹಾಗಾಗಿ ಪರಿಚಯದ ಶಾರದಾ ಆಂಟಿ ಪಕ್ಕದ ಊರು ವಿಕ್ಸಮ್‌ನಿಂದ ಕಾರು ತಂದಿದ್ದರು. ರಿಸೆಷನ್‌ನಲ್ಲಿ ಅವರ ಕಂಪನಿ ಮುಚ್ಚಿತ್ತು.

“ಮನೇಲಿ ಕೂತು ಕೂತು ಸಾಕಾಗಿದೆ ಕಣೆ. ನಿನ್ನ ನೆವದಲ್ಲಾದ್ರೂ ಹೊರಗೆ ಬಂದೆ.”

ನಾವು ಹೊರಟಿದ್ದು ಡೆಟ್ರಾಯಿಟ್‌ನ, ಗೋಡೆಗೆ ಗೋಡೆ ಅಂಟಿದ ಆರು ಇಟ್ಟಿಗೆ ಮನೆಗಳ ಸಾಲಿಗೆ. ಮರದ ವ್ಯಾಪಾರಿಯೊಬ್ಬ ಡಾಕ್ಟರರಿಗೆ, ವಕೀಲರಿಗೆ ಬಾಡಿಗೆ ಕೊಡಲು ಕಟ್ಟಿಸಿದ್ದ. ಆಮೇಲೆ ಸರ್ಕಾರ ಕೊಂಡು, ನಡುಗೋಡೆಗಳನ್ನು ಕೊರೆದು ಕಚೇರಿ ಮಾಡಿತು. ಅಡುಗೆಮನೆಗಳಲ್ಲಿ ಕಡತಗಳು ಸೇರಿದವು, ಕೆತ್ತನೆಯ ಓಕ್ ಬಾಗಿಲುಗಳ ಜಾಗಕ್ಕೆ ಗಾಜು ಬಂತು. ಸಾಲು ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ. ‘ಮೂಲ ಬಾಗಿಲುಗಳು ಕಳೆದುಹೋಗಿವೆ’ ಎಂದು ಹಿಂದಿನ ಅಕ್ಟೋಬರಿನಲ್ಲಿ, ವಿದ್ಯಾರ್ಥಿನಿಯಾಗಿ ಸಲ್ಲಿಸಿದ ವರದಿಯಲ್ಲಿ ನಾನು ಬರೆದಿದ್ದೆ. ಯಾರನ್ನೂ ಕೇಳದೆ ಬರೆದದ್ದು. ಅದೇ ವಾಕ್ಯವನ್ನು ಹಿಡಿದು, ಮೂಲರೂಪ ಉಳಿದಿಲ್ಲವೆಂದು, ಸಾಲನ್ನು ಪಟ್ಟಿಯಿಂದ ತೆಗೆದು ಕೆಡವುವ ಪ್ರಸ್ತಾಪ ಬಂದಿತ್ತು. ಸಭೆ ಅಂದೇ ಮೂರು ಗಂಟೆಗೆ, ಅದೇ ಕಟ್ಟಡದಲ್ಲಿ.

ಆಂಟಿ ಮದುವೆಗೆ ಮುಂಚೆ ಮೈಸೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವರು. “ಸರ್ಕಾರಿ ಆಫೀಸಲ್ಲಿ ಮುರಿದ ಕುರ್ಚೀನೂ ಬಿಸಾಕಲ್ಲ, ನಂಬರ್ ಬಿದ್ದಿರತ್ತೆ. ಇನ್ನು ಆರಾರು ಬಾಗಿಲು ಬಿಸಾಕ್ತಾರಾ? ಡೆಡ್ ಸ್ಟಾಕ್ ರಿಜಿಸ್ಟರ್, ಅದೇ ಹಳೇ ಸಾಮಾನೆಲ್ಲ ಬರೆದಿಡೋ ಪುಸ್ತಕ, ಕೇಳಿದ್ಯಾ?”

ಕೇಳಿರಲಿಲ್ಲ.

ಅಲ್ಲಿಗೆ ತಲುಪಿ ಕೇಳಿದಾಗ, ಕಟ್ಟಡ ನೋಡಿಕೊಳ್ಳುವ ರೇ ಎಂಬ ಹಿರಿಯರು ನಕ್ಕರು. “ಇಪ್ಪತ್ತು ವರ್ಷದಿಂದ ಇಲ್ಲಿದೀನಿ. ಬಾಗಿಲು ಕೇಳ್ಕೊಂಡು ಬಂದವರು ನೀವೇ ಮೊದಲು.” ಅಂಥ ಪುಸ್ತಕ ಹುಡುಕಲು ಅವರಿಗೆ ಮಧ್ಯಾಹ್ನದವರೆಗೆ ಹಿಡಿಯಿತು. ಮೂರನೆಯ ಮನೆಯ ಊಟದ ಕೋಣೆಯಲ್ಲಿ, ರೇ ದಿನವೂ ಊಟ ಮಾಡುವ, ಪ್ಲಾಸ್ಟಿಕ್ ಹೊದಿಸಿದ ಉದ್ದನೆಯ ಮೇಜಿನ ಮೇಲೆ ಅದನ್ನು ಬಿಡಿಸಿಟ್ಟು, ಮೂವರೂ ಆಂಟಿ ತಂದ ಒಗ್ಗರಣೆ ಅವಲಕ್ಕಿ ತಿಂದೆವು. ಒಂದು ಪುಟದಲ್ಲಿತ್ತು: ಓಕ್ ಬಾಗಿಲು, ಆರು.

ನೆಲಮಾಳಿಗೆಯಲ್ಲಿ ಕಂಬಳಿ ಸುತ್ತಿಕೊಂಡು ನಿಂತಿದ್ದವು ಐದು. ಪ್ರತಿಯೊಂದಕ್ಕೂ ತಗಡಿನ ನಂಬರು.

“ಐದಿದ್ರೆ ಸಾಕಲ್ವೇನೆ?”

ಸಾಕಾಗುತ್ತಿತ್ತೇನೋ. ಆದರೆ ಪುಸ್ತಕ ಆರು ಅನ್ನುತ್ತಿತ್ತು. ಇನ್ನೊಂದು ಅರೆಬರೆ ವಾಕ್ಯ ಬರೆಯಲು ನನಗೆ ಧೈರ್ಯವಿರಲಿಲ್ಲ. ಎರಡೂಕಾಲು ಗಂಟೆ ಆಗುವವರೆಗೆ ಹುಡುಕಿದೆವು. ಅವಲಕ್ಕಿ ಡಬ್ಬಿ ತರಲು ಮೇಲೆ ಹೋದ ಆಂಟಿ ಅಲ್ಲಿಂದಲೇ ಕೂಗಿದರು.

“ಲೇ, ಬೇಗ ಬಾ! ಮೇಜಿಗ್ಯಾಕೆ ಬೀಗದ ತೂತು?”

ಚೆಲ್ಲಿದ್ದ ಎಣ್ಣೆ ಒರೆಸಲು ಅವರು ಪ್ಲಾಸ್ಟಿಕ್ ಎತ್ತಿದ್ದರು. ಬಗ್ಗಿ ನೋಡಿದೆ. ಅಡಿಭಾಗದಲ್ಲಿ ಅದೇ ಕೆತ್ತನೆ, ತಗಡಿನ ನಂಬರು. ಅಕ್ಟೋಬರಿನಲ್ಲಿ ‘ಕಳೆದುಹೋಗಿವೆ’ ಎಂದು ಬರೆದದ್ದು ಈ ಮೇಜಿನ ಮೇಲೇ. ಕೂಡಲೇ ಫೋಟೋ ತೆಗೆದೆ.

ಸಭೆಯಲ್ಲಿ ತಿದ್ದುಪಡಿ ಓದಿದೆ, ಫೋಟೋ ತೋರಿಸಿದೆ. ಹಿಂದಿನ ವಾಕ್ಯ ಯಾರದೆಂದು ಅಧ್ಯಕ್ಷೆ ಕೇಳಿದರು. ನನ್ನದೇ ಎಂದೆ. ಪ್ರಸ್ತಾಪ ಬಿದ್ದುಹೋಯಿತು.

ಕಾರು ಹೊರಡುವಾಗ ತಿರುಗಿ ನೋಡಿದೆ. ರೇ ಗಾಜಿನ ಬಾಗಿಲಲ್ಲಿ ನಿಂತು ಕೂಗಿದರು. “ನಾಳೆ ನಾನೆಲ್ಲಿ ಊಟ ಮಾಡ್ಲಿ?”

ಆಂಟಿ ಕಿಟಕಿ ಇಳಿಸಿದರು. “ಸದ್ಯಕ್ಕೆ ಅಲ್ಲೇ ಮಾಡಿ. ಎಣ್ಣೆ ಮಾತ್ರ ಚೆಲ್ಬೇಡಿ.”

ಚೆಲ್ಲಿದ್ದು ಅವರೇ.